ನಸುಗುನ್ನಿ: ತುರಿಸುವುದು ಯಾವುದು, ತುರಿಸದ್ದು ಯಾವುದು?

ನಸುಗುನ್ನಿ ಎಂಬ ಹೆಸರು ಕೇಳಿದರೇ ಸಾಕು, ಹಳ್ಳಿಯಿಂದ ಬರುವ ನಮ್ಮಲ್ಲಿ ಹಲವರಿಗೆ ಮೈ ಕೆರೆದುಕೊಳ್ಳಬೇಕು ಅನ್ನಿಸುತ್ತದೆ. ಬೇಲಿ, ಪೊದೆ, ಕಾಡಿನ ಅಂಚುಗಳಲ್ಲಿ ಹಬ್ಬುವ ಈ ಬಳ್ಳಿ ಅವರೆ, ಅಲಸಂದೆಗಳ ಕುಟುಂಬಕ್ಕೆ ಸೇರಿದ್ದು. ಇದರಲ್ಲೇ ತುರಿಸದ ಒಂದು ಬಗೆಯೂ ಇದೆ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ.

ಸಸ್ಯಶಾಸ್ತ್ರದಲ್ಲಿ ಎರಡರ ಹೆಸರೂ ಮ್ಯೂಕುನಾ ಪ್ರೂರಿಯೆನ್ಸ್. ಎರಡೂ ಒಂದೇ ಪ್ರಭೇದ. ಒಂದರ ಪರಾಗದಿಂದ ಇನ್ನೊಂದು ಬೀಜ ಕಟ್ಟಬಲ್ಲದು. ಪ್ರಭೇದದೊಳಗಿನ ಇಂಥ ಬಗೆಗಳನ್ನು ‘ವೆರೈಟಿ’ ಎನ್ನುತ್ತಾರೆ. ತುರಿಸುವ ಕಾಡು ಬಗೆ ವೆರೈಟಿ ಪ್ರೂರಿಯೆನ್ಸ್. ಲ್ಯಾಟಿನ್‌ನಲ್ಲಿ ‘ತುರಿಸುವ’ ಎಂದೇ ಅದರ ಅರ್ಥ. ತುರಿಸದ್ದು ವೆರೈಟಿ ಯುಟಿಲಿಸ್, ಅಂದರೆ ‘ಉಪಯುಕ್ತ’. ವೆಲ್ವೆಟ್ ಬೀನ್ ಎಂಬ ಹೆಸರಿನಲ್ಲಿ ಇದನ್ನು ತೋಟಗಳಲ್ಲಿ ಹೊದಿಕೆ ಬೆಳೆಯಾಗಿ, ಹಸಿರೆಲೆ ಗೊಬ್ಬರವಾಗಿ ಬೆಳೆಸುತ್ತಾರೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ.

ಈ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಬೇಲಿಗೆ ಇಂಥದೊಂದು ಬಳ್ಳಿ ಹಬ್ಬಿತು. ಪಕ್ಕದ ತೋಟದಲ್ಲಿ ವೆಲ್ವೆಟ್ ಬೀನ್ ಬಿತ್ತಿದ್ದರಿಂದ ಅಲ್ಲಿಂದಲೇ ಬಂದಿರಬಹುದು ಎಂದು ಕೆಲವರು ಹೇಳಿದರು. ತಮ್ಮ ದಿನವೂ ಆಡುವ ಜಾಗ ಅದು. “ಕಡಿಯಬೇಕೋ ಬಿಡಬೇಕೋ, ವಿಜ್ಞಾನ ಓದುವ ನೀನೇ ಹೇಳು” ಎಂದರು ಉಮ್ಮ. ಹಾಗಾಗಿ ನಾನು ಬಳ್ಳಿಯ ಒಂದೊಂದೇ ಭಾಗವನ್ನು ಪರೀಕ್ಷಿಸುತ್ತಾ ಹೋದೆ.

ಎಲೆಯಿಂದ ಗೊತ್ತಾಗಲಿಲ್ಲ. ಎರಡರಲ್ಲೂ ಒಂದು ತೊಟ್ಟಿಗೆ ಮೂರು ಎಲೆಗಳು. ಅಕ್ಕಪಕ್ಕದ ಎರಡು ಎಲೆಗಳು ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಹೂವಿನಿಂದಲೂ ಗೊತ್ತಾಗಲಿಲ್ಲ. ಕಡು ನೇರಳೆ ಹೂಗೊಂಚಲು ಎರಡರಲ್ಲೂ ಕೆಳಗೆ ಜೋತುಬೀಳುತ್ತದೆ. ಬೀಜದ ಬಣ್ಣವನ್ನೂ ನಂಬುವಂತಿಲ್ಲ. ಕಪ್ಪು ಬೀಜ, ಮಚ್ಚೆಯಿರುವ ಬೀಜ ಎರಡು ಬಗೆಗಳಲ್ಲೂ ಸಿಗುತ್ತವೆ.

ಗುಟ್ಟು ಇರುವುದು ಕಾಯಿಯ ರೋಮದಲ್ಲಿ. ಕಾಡು ಬಗೆಯ ಕಾಯಿ ಇಂಗ್ಲಿಷ್‌ನ ಎಸ್ ಅಕ್ಷರದಂತೆ ಬಾಗಿರುತ್ತದೆ. ಅದರ ಮೈತುಂಬ ಕಂದು ಅಥವಾ ಕಿತ್ತಳೆಗಂದು ಬಣ್ಣದ ಬಿರುಸಾದ ರೋಮ. ಸ್ವಲ್ಪ ತಾಗಿದರೂ, ಗಾಳಿ ಬೀಸಿದರೂ ಉದುರುತ್ತದೆ. ಯುಟಿಲಿಸ್‌ನ ಕಾಯಿಯ ಮೇಲಿನ ರೋಮ ಮೆದು; ಬೂದು ಬಿಳಿ ಬಣ್ಣದ್ದು, ಮಖಮಲ್ಲಿನಂತೆ ಸಿಪ್ಪೆಗೆ ಒತ್ತಿಕೊಂಡಿರುತ್ತದೆ. ಇದನ್ನು ಕಣ್ಣಿನಿಂದಲೇ ನೋಡಬೇಕು, ಬೆರಳಿನಿಂದ ಅಲ್ಲ!

ಪಶ್ಚಿಮ ಘಟ್ಟದ ಕಾಡಿನಲ್ಲಿ ಇನ್ನೊಂದು ನಂಟ ಇದೆ: ಮ್ಯೂಕುನಾ ಮಾನೋಸ್ಪರ್ಮಾ. ಅದು ಬೇರೆಯೇ ಪ್ರಭೇದ. ಅದರ ಕಾಯಿಯ ಮೇಲೆ ಓರೆಯಾದ ಮಡಿಕೆಗಳು, ಒಳಗೆ ಸಾಮಾನ್ಯವಾಗಿ ಒಂದೇ ದೊಡ್ಡ ಬೀಜ. ಅದರ ರೋಮವೂ ತುರಿಸುತ್ತದೆ.

ತುರಿಕೆಗೆ ಕಾರಣ ರೋಮದಲ್ಲಿರುವ ಮ್ಯೂಕುನೈನ್ ಎಂಬ ಕಿಣ್ವ. ಇದು ಚರ್ಮದ ನರಗಳನ್ನು ನೇರವಾಗಿ ಕೆರಳಿಸುತ್ತದೆ. ಅಲರ್ಜಿಯ ತುರಿಕೆಯಲ್ಲಿ ಮುಖ್ಯವಾದ ಹಿಸ್ಟಮೀನ್‌ನ ದಾರಿ ಇದಲ್ಲ. ಆದ್ದರಿಂದ ಅಲರ್ಜಿ ಮಾತ್ರೆಯಿಂದ ಹೆಚ್ಚು ಫಲವಿಲ್ಲ. ರೋಮ ತಾಗಿದರೆ ಉಜ್ಜಬೇಡಿ. ಉಜ್ಜಿದರೆ ಇನ್ನಷ್ಟು ಕಡೆಗೆ ಹರಡುತ್ತದೆ. ಅಂಟುಪಟ್ಟಿ ಒತ್ತಿ ರೋಮ ತೆಗೆದು, ಆಮೇಲೆ ನೀರಿನಿಂದ ತೊಳೆಯಿರಿ. ಆ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ.

ಇನ್ನೊಂದು ಮಾತು. ತುರಿಸದ ಬಗೆ ಎಂದಮಾತ್ರಕ್ಕೆ ಅದರ ಬೀಜವನ್ನು ಹಾಗೆಯೇ ತಿನ್ನಬಹುದು ಎಂದಲ್ಲ. ಎರಡರ ಬೀಜದಲ್ಲೂ ಎಲ್-ಡೋಪಾ ಇದೆ. ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲಿ ನಸುಗುನ್ನಿ ಬೀಜದಿಂದ ಅದನ್ನು ಬೇರ್ಪಡಿಸಿದರು. ಇಂದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಮುಖ್ಯ ಔಷಧ ಇದೇ. ಆಯುರ್ವೇದದಲ್ಲಿ ಕಪಿಕಚ್ಛು ಎಂದೂ ಯುನಾನಿಯಲ್ಲಿ ಕೌಂಚ್ ಎಂದೂ ಕರೆಯುವ ಬೀಜವೂ ಇದೇ. ಆದರೆ ಅಲ್ಲಿ ಬೀಜವನ್ನು ಶುದ್ಧಿ ಮಾಡಿ, ಅಳತೆ ನೋಡಿ ಕೊಡುತ್ತಾರೆ. ಹಸಿ ಬೀಜ ತಿಂದರೆ ವಾಂತಿ, ತಲೆಸುತ್ತು ಬರಬಹುದು. ಹೆಚ್ಚಾದರೆ ಭ್ರಮೆಯೂ ಉಂಟಾಗಬಹುದು.

ಬೇಲಿಯ ಬಳ್ಳಿಯಲ್ಲಿ ಎಳೆಗಾಯಿ ಕಚ್ಚಿದಾಗ ತಮ್ಮನನ್ನು ಆ ಕಡೆಗೆ ಬಿಡದೆ ದೂರದಿಂದ ನೋಡುತ್ತಾ ಬಂದೆ. ಕಾಯಿ ಬಲಿಯುತ್ತಿದ್ದಂತೆ ಕಿತ್ತಳೆಗಂದು ರೋಮ ಎದ್ದು ನಿಂತಿತು. ಉದುರುವ ಹಂತಕ್ಕೆ ಬರುವ ಮೊದಲೇ, ಕೈಚೀಲ, ತುಂಬು ತೋಳಿನ ಅಂಗಿ ಹಾಕಿಕೊಂಡು ಬುಡಸಮೇತ ಕಿತ್ತೆವು.

ಜೀವಶಾಸ್ತ್ರದ ಪ್ರಾಜೆಕ್ಟಿಗೆ ಸಸ್ಯಗಳನ್ನು ಸಂಗ್ರಹಿಸುವ ಗೆಳೆಯರಿಗೆ ಒಂದು ಸೂಚನೆ: ನಿಮ್ಮ ಮಾದರಿಯಲ್ಲಿ ಎಲೆ, ಹೂ ಮಾತ್ರ ಇದ್ದರೆ ಚೀಟಿಯಲ್ಲಿ ‘ಮ್ಯೂಕುನಾ ಪ್ರೂರಿಯೆನ್ಸ್’ ಎಂದಷ್ಟೇ ಬರೆಯಿರಿ. ವೆರೈಟಿಯ ಜಾಗವನ್ನು ಕಾಯಿ ಬರುವವರೆಗೆ ಖಾಲಿ ಬಿಡಿ.