ಬಸವನಹುಳುವಿನಲ್ಲಿ ಚಪ್ಪಟೆಹುಳುಗಳ ಮರಿ: ಗುರುತಿಸುವ ಕ್ರಮ ಮತ್ತು ಜಾನುವಾರುಗಳಿಗಾಗುವ ಹಾನಿ

ಕಪ್ಪೆಚಿಪ್ಪುಗಳಲ್ಲಿಯೂ ಬಸವನಹುಳುಗಳಲ್ಲಿಯೂ ಪರಾವಲಂಬಿ ಚಪ್ಪಟೆಹುಳುಗಳ ಮರಿಗಳು ಬೆಳೆಯುತ್ತವೆ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕೊಟ್ಟಿಗೆಗಳಿಗೆ ನಷ್ಟ ತರುವವು ಮುಖ್ಯವಾಗಿ ನೀರಿನ ಬಸವನಹುಳುಗಳು. ಗದ್ದೆಯ ಕಾಲುವೆ, ತೋಟದ ಬಸಿಗಾಲುವೆ, ಊರ ಕೆರೆ, ಲಿಂಗನಮಕ್ಕಿ ಹಿನ್ನೀರಿನ ಅಂಚು ಇವುಗಳಿಗೆ ಹಿತವಾದ ತಾಣಗಳು. ನೀರು ಇಳಿದಂತೆ ಅಲ್ಲಿ ಚಿಗುರುವ ಹುಲ್ಲಿಗೇ ದನಕರುಗಳು ಮೊದಲು ಹೋಗುತ್ತವೆ.

ಗಮನಿಸಬೇಕಾದ ಬಸವನಹುಳುಗಳು ಎರಡು. ತೆಳುವಾದ ಚಿಪ್ಪು, ಚೂಪು ತುದಿ, ಅಗಲ ಬಾಯಿ ಉಳ್ಳದ್ದು ಲಿಮ್ನಿಯಾ. ಇದರಲ್ಲಿ ಯಕೃತ್ತಿನ ಹುಳುವಿನ ಮರಿ ಬೆಳೆಯುತ್ತದೆ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡದ್ದು ಇಂಡೋಪ್ಲಾನಾರ್ಬಿಸ್; ಇದು ಮೆಲುಕುಹೊಟ್ಟೆಯ ಹುಳುವಿಗೂ ಗೊರಕೆ ರೋಗದ ಹುಳುವಿಗೂ ಆಶ್ರಯ.

ರೋಗಪೀಡಿತ ದನದ ಸಗಣಿಯೊಡನೆ ಯಕೃತ್ತಿನ ಹುಳುವಿನ ಮೊಟ್ಟೆ ನೀರು ಸೇರಿ, ಎರಡು ಮೂರು ವಾರಗಳಲ್ಲಿ ಒಡೆಯುತ್ತದೆ. ಹೊರಬಂದ ಮರಿಗೆ ಒಂದು ದಿನದೊಳಗೆ ಬಸವನಹುಳು ಸಿಗದಿದ್ದರೆ ಅದು ಸಾಯುತ್ತದೆ. ಸಿಕ್ಕಿದರೆ ಒಂದೇ ಮರಿ ನೂರಾರಾಗಿ ಹೊರಬಂದು, ಹುಲ್ಲಿಗೂ ಭತ್ತದ ಬುಡಕ್ಕೂ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಹಾಕಿದರೆ ಅದರಲ್ಲಿಯೂ ಕೋಶಗಳು ಬದುಕುಳಿಯಬಲ್ಲವು. ಗೊರಕೆ ರೋಗದ ಮರಿಯಾದರೋ ನೀರಿಗಿಳಿದ ದನದ ಚರ್ಮವನ್ನೇ ಕೊರೆದು ಒಳಸೇರುತ್ತದೆ. ಇಂತಹ ಕೆಲವು ಮರಿಗಳು ಗದ್ದೆಗಿಳಿದವರ ಕಾಲಿಗೂ ತುರಿಕೆ ತರುತ್ತವೆ.

ಮರಿಗಳನ್ನು ಕಾಣುವುದು ಕಷ್ಟವಲ್ಲ. ಬಸವನಹುಳುಗಳನ್ನು ಬರಿಗೈಯಿಂದ ಮುಟ್ಟದೆ ಹೆಕ್ಕಿ, ಒಂದೊಂದನ್ನು ಶುದ್ಧ ನೀರಿನ ಗಾಜಿನ ಲೋಟದಲ್ಲಿಟ್ಟು, ಬೆಳಗಿನ ಬೆಳಕಿನಲ್ಲಿ ಕೆಲವು ಗಂಟೆ ಬಿಡಬೇಕು. ಮರಿಗಳಿದ್ದರೆ ಬಿಳಿಯ ಚುಕ್ಕಿಗಳಂತೆ ಈಜಾಡುವುದು ಕಾಣಬಹುದು. ಯಾವ ಜಾತಿಯೆಂಬುದನ್ನು ಸೂಕ್ಷ್ಮದರ್ಶಕ ಹೇಳುತ್ತದೆ: ಬಾಲ ಕವಲೊಡೆದಿದ್ದರೆ ಗೊರಕೆ ರೋಗದ ಗುಂಪು, ಕಪ್ಪುಛಾಯೆಯ ದಪ್ಪ ಮೈಯಲ್ಲಿ ಎರಡು ಕಣ್ಚುಕ್ಕಿಗಳಿದ್ದರೆ ಮೆಲುಕುಹೊಟ್ಟೆಯ ಹುಳು, ಒಂಟಿ ಬಾಲವಿದ್ದು, ಬೇಗನೆ ಗಾಜಿಗೆ ಅಂಟಿ ಕೋಶ ಕಟ್ಟಿದರೆ ಯಕೃತ್ತಿನ ಹುಳು. ಎಲ್ಲ ಬಸವನಹುಳುಗಳಲ್ಲಿಯೂ ಮರಿಗಳಿರುವುದಿಲ್ಲ. ಹತ್ತಾರನ್ನು ಪರೀಕ್ಷಿಸದೆ ನೀರು ನಿರ್ದೋಷಿ ಎನ್ನುವಂತಿಲ್ಲ.

ಹಾಲು ಇಳಿಯುವುದು, ಬಡಕಲಾಗುವುದು, ಕಣ್ಣಿನ ಒಳಪೊರೆ ಬಿಳಚುವುದು, ದವಡೆಯ ಕೆಳಗೆ ನೀರು ತುಂಬಿದ ಬಾವು ಯಕೃತ್ತಿನ ಹುಳುವಿನ ಲಕ್ಷಣಗಳು. ಕರುಗಳಲ್ಲಿ ದುರ್ವಾಸನೆಯ ಭೇದಿಯಾದರೆ ಮೆಲುಕುಹೊಟ್ಟೆಯ ಹುಳುವನ್ನು ಶಂಕಿಸಬೇಕು. ಮೂಗಿನಲ್ಲಿ ಹೂಕೋಸಿನಂತಹ ಗಂಟು, ಲೋಳೆ, ಗೊರಕೆ ಮೂರನೆಯದರ ಗುರುತು.

ಯಕೃತ್ತಿನ ಹುಳು ಮೊಟ್ಟೆಯಿಡಲು ಮೂರು ನಾಲ್ಕು ತಿಂಗಳು ಬೇಕು. ಅಷ್ಟರೊಳಗೆ ಸಗಣಿ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಇನ್ನೊಂದು ತೊಡಕು ಔಷಧದ್ದು. ಐವರ್‌ಮೆಕ್ಟಿನ್ ದುಂಡುಹುಳುಗಳಿಗೆ ಸರಿ, ಚಪ್ಪಟೆಹುಳುಗಳಿಗೆ ನಾಟುವುದಿಲ್ಲ. ಟ್ರೈಕ್ಲಾಬೆಂಡಜೋಲ್, ಆಕ್ಸಿಕ್ಲೋಜನೈಡ್‌ನಂತಹ ಔಷಧಗಳ ಆಯ್ಕೆ, ಪ್ರಮಾಣ ಮತ್ತು ಕಾಲವನ್ನು ಪಶುವೈದ್ಯಾಧಿಕಾರಿಗಳೇ ನಿರ್ಧರಿಸತಕ್ಕದ್ದು.

ಕೆರೆಯ ಬಳಿ ಗೊಬ್ಬರಗುಂಡಿ ಇರದಂತೆ ನೋಡಿಕೊಳ್ಳುವುದು, ದನಗಳಿಗೆ ಪ್ರತ್ಯೇಕ ನೀರಿನ ತೊಟ್ಟಿ ಕಟ್ಟಿಸುವುದು, ಕಾಲುವೆಯ ಹೂಳು ಮತ್ತು ಕಳೆ ತೆಗೆಸುವುದು ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿಯೇ ಸೇರಬಹುದಾದ ಕೆಲಸಗಳು. ಅಡಿಕೆಗೆ ಬೋರ್ಡೋ ದ್ರಾವಣ ತಯಾರಿಸುವ ಮನೆಗಳಲ್ಲಿ ಮೈಲುತುತ್ತ ಸುಲಭವಾಗಿ ಸಿಗುವುದರಿಂದ ಅದನ್ನೇ ಕೆರೆಗೆ ಸುರಿಯುವ ಸಲಹೆ ಬರಬಹುದು. ಅದು ಬಸವನಹುಳುಗಳನ್ನು ಕೊಲ್ಲುತ್ತದೆ, ನಿಜ. ಮೀನುಗಳನ್ನೂ ಕೊಲ್ಲುತ್ತದೆ, ಕುಡಿಯುವ ನೀರನ್ನೂ ಕೆಡಿಸುತ್ತದೆ. ಅಂತಹ ಪ್ರಯೋಗಕ್ಕೆ ಗ್ರಾಮಸಭೆ ಒಪ್ಪಿಗೆ ನೀಡಬಾರದು.