ಧ್ವನಿಮುದ್ರಿಕೆಯ ಶೋಧನೆ: ಬೀಸುವ ಪದಗಳ ಹಿನ್ನೆಲೆಯಲ್ಲಿ

ಜಾನಪದ ಕ್ಷೇತ್ರಕಾರ್ಯದಲ್ಲಿ ಕ್ಯಾಸೆಟ್ ಯಂತ್ರದ ಬಳಕೆ ಆರಂಭವಾದ ಮೇಲೆ ಹಾಡಿನ ಪಠ್ಯದೊಂದಿಗೆ ಅದರ ನಾದವೂ ಸಂಗ್ರಹಕ್ಕೆ ಒದಗಿತು. ಆದರೆ ಈ ಮುದ್ರಿಕೆಗಳಲ್ಲಿ ಹಾಡುಗಾರ್ತಿಯ ದನಿಯ ಜೊತೆಗೆ ಗಾಳಿಯ ಬಡಿತ, ಮೋಟಾರಿನ ಗುಡುಗುಡು, ವಿದ್ಯುತ್ ಜಾಲದ 50 ಹರ್ಟ್ಸ್ ಗುಂಯ್‌ಗಾನಗಳೂ ಸೇರಿಕೊಂಡಿರುತ್ತವೆ. ಲಿಪ್ಯಂತರ ಮಾಡುವವರಿಗೆ ಇವು ದೊಡ್ಡ ತೊಡಕು. ಇವನ್ನು ಅಲ್ಪ ವೆಚ್ಚದಲ್ಲಿ ತಗ್ಗಿಸುವ ಉಪಕರಣವೇ ಆಕ್ಟಿವ್ ಫಿಲ್ಟರ್ ಅಥವಾ ಸಕ್ರಿಯ ಶೋಧಕ.

ಕೆಳ ಆವರ್ತನಗಳನ್ನು ತೀಕ್ಷ್ಣವಾಗಿ ಬೇರ್ಪಡಿಸಲು ಹಿಂದೆ ತಂತಿಯ ಸುರುಳಿಗಳನ್ನು ಬಳಸುತ್ತಿದ್ದರು. ಅವು ಭಾರವಾದವು, ದುಬಾರಿಯಾದವು. ಸಮೀಪದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗಾನವನ್ನು ತಾವೇ ಹೀರಿಕೊಳ್ಳುವಂಥವು. ಸ್ಯಾಲನ್ ಮತ್ತು ಕೀ ಎಂಬ ತಂತ್ರಜ್ಞರು 1955ರಲ್ಲಿ ಪ್ರಕಟಿಸಿದ ವಿನ್ಯಾಸವು ಸುರುಳಿಯ ಬದಲು ವರ್ಧಕವನ್ನು ಬಳಸಿತು. ಇಂದು ಆ ವರ್ಧಕದ ಸ್ಥಾನದಲ್ಲಿ ಟಿಎಲ್072ರಂತಹ ಅಗ್ಗದ ಆಪ್-ಆ್ಯಂಪ್ ಚಿಪ್ ಸಾಕು. ಒಂದೇ ಚಿಪ್ಪಿನಲ್ಲಿ ಎರಡು ವರ್ಧಕಗಳಿರುವುದರಿಂದ ಎಡಬಲಗಳೆರಡಕ್ಕೂ ಅದು ಒದಗುತ್ತದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಸಂಕೇತದ ದಾರಿಯಲ್ಲಿ 0.1 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳನ್ನು ಸಾಲಾಗಿ ಇರಿಸಿ, ಅವುಗಳ ನಡುವಿನ ಬಿಂದುವನ್ನು 15 ಕಿಲೋ ಓಮ್ ರೋಧಕದ ಮೂಲಕ ವರ್ಧಕದ ಹೊರದಾರಿಗೆ ಸೇರಿಸಬೇಕು. ಎರಡನೆಯ ಕೆಪಾಸಿಟರಿನ ಕೊನೆಯನ್ನು ವರ್ಧಕದ ಧನ ಒಳದಾರಿಗೆ ಜೋಡಿಸಿ, ಅಲ್ಲಿಂದ ಭೂಸಂಪರ್ಕಕ್ಕೆ 30 ಕಿಲೋ ಓಮ್ ಇಡಬೇಕು. 15ರ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೂ ಆದೀತು. ಹೊರದಾರಿಯನ್ನು ಋಣ ಒಳದಾರಿಗೆ ನೇರವಾಗಿ ಸೇರಿಸಿದರೆ ಶೋಧಕ ಸಿದ್ಧ. 9 ವೋಲ್ಟಿನ ಎರಡು ಬ್ಯಾಟರಿಗಳಿಂದ ನಡೆಸಿದರೆ ವಿದ್ಯುತ್ ಜಾಲದ ಸದ್ದು ಹೊಸದಾಗಿ ಸೇರುವುದಿಲ್ಲ. ಇದರ ಗಡಿ ಆವರ್ತನ ಸುಮಾರು 75 ಹರ್ಟ್ಸ್. 150 ಹರ್ಟ್ಸ್‌ನ ಸ್ವರ ನೂರಕ್ಕೆ 97ರಷ್ಟು ಉಳಿಯುತ್ತದೆ. 50 ಹರ್ಟ್ಸ್ ಗುಂಯ್‌ಗಾನ ನೂರಕ್ಕೆ 41ಕ್ಕೆ, 25 ಹರ್ಟ್ಸ್ ಗುಡುಗುಡು ನೂರಕ್ಕೆ 11ಕ್ಕೆ ಇಳಿಯುತ್ತದೆ. ಗುಂಯ್‌ಗಾನದ 100 ಹರ್ಟ್ಸ್ ಅಂಶ ಮಾತ್ರ ಬಹುಪಾಲು ಉಳಿದುಬಿಡುತ್ತದೆ.

ಇಲ್ಲಿ ಜಾನಪದ ಅಧ್ಯಯನಕಾರನ ಪ್ರಶ್ನೆ ಎದುರಾಗುತ್ತದೆ. ಶೋಧಕವು ಆವರ್ತನವನ್ನು ಬಲ್ಲದು, ಅರ್ಥವನ್ನು ಅರಿಯದು. ಬೀಸುವ ಪದದಲ್ಲಿ ರಾಗಿಕಲ್ಲು ಸುತ್ತುವ ಗತಿಯೇ ಹಾಡಿನ ಲಯಕ್ಕೆ ಆಧಾರ. ಯಂತ್ರದ ದೃಷ್ಟಿಯಲ್ಲಿ ಕಲ್ಲಿನ ಗುರುಗುಟ್ಟುವಿಕೆಯ ತಳದನಿಯೂ ಮೋಟಾರಿನ ಗುಡುಗುಡುವೂ ಒಂದೇ. ಡೊಳ್ಳಿನ ಗಂಭೀರ ನಾದಕ್ಕೂ ಇದೇ ಗತಿ. ಟೇಪಿನ ಸುಯ್ಯೆಂಬ ಸದ್ದನ್ನು ತೆಗೆಯಲೆಂದು ಮೇಲಿನ ಆವರ್ತನಗಳನ್ನು ಕತ್ತರಿಸಿದರೆ ಕಂಸಾಳೆಯ ಲೋಹದ ಝಣತ್ಕಾರ ಮಂಕಾಗುತ್ತದೆ. ಪಠ್ಯ ಸ್ಪಷ್ಟವಾಗುತ್ತದೆ, ಪ್ರದರ್ಶನ ಬಡವಾಗುತ್ತದೆ.

ಆದ್ದರಿಂದ ಶೋಧಕವನ್ನು ಆಲಿಸುವ ದಾರಿಯಲ್ಲಿ ಇರಿಸಬೇಕೇ ಹೊರತು ಸಂಗ್ರಹಿಸುವ ದಾರಿಯಲ್ಲಲ್ಲ. ಧ್ವನಿ ಮತ್ತು ದೃಶ್ಯಶ್ರವ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು 2004ರಲ್ಲಿ ಮೊದಲು ಪ್ರಕಟಿಸಿದ ಮಾರ್ಗಸೂಚಿಯೂ ಮೂಲವನ್ನು ತಿದ್ದದೆ ಡಿಜಿಟಲ್ ರೂಪಕ್ಕೆ ವರ್ಗಾಯಿಸಬೇಕೆಂಬ ನಿಲುವನ್ನು ತಳೆದಿದೆ. ಮೂಲದ ಪ್ರತಿಯನ್ನು ಯಥಾವತ್ತಾಗಿ ಕಾಯ್ದಿಟ್ಟು, ಲಿಪ್ಯಂತರಕ್ಕೆಂದು ಶೋಧಿಸಿದ ಪ್ರತಿಯ ಮೇಲೆ ಬಳಸಿದ ಗಡಿ ಆವರ್ತನವನ್ನು ನಮೂದಿಸುವುದು ಉಚಿತ. ಹಾಗೆ ಮಾಡಿದಲ್ಲಿ ಮುಂದಿನ ಸಂಶೋಧಕರು ಪದವನ್ನೂ ಕೇಳಬಲ್ಲರು, ಕಲ್ಲನ್ನೂ ಕೇಳಬಲ್ಲರು.