ಉಪ್ಪಾಗೆ : ಮಲೆನಾಡಿನ ಹುಳಿಯ ಕಥೆ

ಹುಳಿಯೆಂದೊಡನೆ ನಗರದ ಗೃಹಿಣಿಯ ನೆನಪಿಗೆ ಬರುವುದು ಹುಣಿಸೆಹಣ್ಣು. ಸಾರಿಗೂ ಗೊಜ್ಜಿಗೂ ಅದೇ ಆಧಾರ. ಆದರೆ ಈ ಹುಣಿಸೆಯ ತವರು ನಮ್ಮ ನೆಲವಲ್ಲ, ಆಫ್ರಿಕ ಖಂಡವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಬಹು ಹಿಂದೆಯೇ ಬಂದು ನೆಲೆಸಿ, ಮನೆಯ ಬೀಗದ ಕೈಯನ್ನೇ ಸೆರಗಿಗೆ ಕಟ್ಟಿಕೊಂಡ ಸೊಸೆ ಅದು. ಈ ಮನೆಯಲ್ಲೇ ಹುಟ್ಟಿದ ಮಗಳು ಬೇರೊಬ್ಬಳಿದ್ದಾಳೆ. ಪಶ್ಚಿಮ ಘಟ್ಟದ ನಿತ್ಯಹಸುರಿನ ಕಾಡಿನಲ್ಲಿ, ಹೊಳೆ ಹಳ್ಳಗಳ ಮಗ್ಗುಲಲ್ಲಿ ಬೆಳೆಯುವ ಆಕೆಯ ಹೆಸರು ಉಪ್ಪಾಗೆ.

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆಯವರಿಗೆ ಉಪ್ಪಾಗೆಯ ಪರಿಚಯ ಹೇಳಬೇಕಾದುದಿಲ್ಲ. ಉಳಿದವರಿಗೆ ಇಷ್ಟು ಹೇಳಬಹುದು: ಮಧ್ಯಮ ಎತ್ತರದ ಮರ, ಬಾಗಿದ ಕೊಂಬೆಗಳು, ಹೊಳೆಯುವ ಕಡುಹಸುರು ಎಲೆಗಳು. ಹಣ್ಣು ನೋಡಲು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಕುಂಬಳಕಾಯಿ. ಸುತ್ತಲೂ ಆಳವಾದ ಗೀರುಗಳು, ಮಾಗಿದಾಗ ಹಳದಿ ಬಣ್ಣ. ಬೇಸಗೆಯ ಪಾನಕಕ್ಕೆ ಬಳಸುವ ಕೆಂಪು ಮುರುಗಲು, ಅಂದರೆ ಪುನರ್ಪುಳಿ, ಇದಕ್ಕೆ ಹತ್ತಿರದ ಬಂಧು.

ಹೆಸರಿನ ಹಿಂದಿನ ಸೋಜಿಗ

1678ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಮೊದಲ ಸಂಪುಟದಲ್ಲಿಯೇ ಈ ಮರದ ಚಿತ್ರವೂ ವರ್ಣನೆಯೂ ಇವೆ. ಅಲ್ಲಿ ಅದಕ್ಕೆ ಮಲೆಯಾಳದ ಕೊಡಂಪುಳಿ ಎಂಬ ಹೆಸರು. ಈ ಮರದ ಗಾಯದಿಂದ ಒಸರುವ ಹಳದಿ ಅಂಟನ್ನು ಕಂಡ ಯುರೋಪಿನ ವಿದ್ವಾಂಸರು, ಕಾಂಬೋಡಿಯದಿಂದ ಬರುತ್ತಿದ್ದ ಹಳದಿ ಚಿತ್ರವರ್ಣಕ್ಕೆ ಇದೇ ಮೂಲವೆಂದು ಭಾವಿಸಿದರು. ಆ ವರ್ಣ ಬರುತ್ತಿದ್ದುದು ಇದೇ ಕುಲದ ಬೇರೊಂದು ಮರದಿಂದ. ಆದರೂ ಸಹ್ಯಾದ್ರಿಯ ಮರಕ್ಕೆ ‘ಗಾರ್ಸಿನಿಯ ಕ್ಯಾಂಬೋಜಿಯ’ ಎಂಬ ಪರದೇಶದ ಹೆಸರು ಅಂಟಿಕೊಂಡಿತು. ಶಾಸ್ತ್ರಜ್ಞರು ಈಗ ‘ಗಾರ್ಸಿನಿಯ ಗಮ್ಮಿ-ಗಟ್ಟ’ ಎಂದು ಕರೆಯುತ್ತಾರೆ. ಪೇಟೆಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿದೆ.

ಒಲೆಯ ಮೇಲಿನ ಅಟ್ಟ

ಮುರುಗಲು ಬೇಸಗೆಯಲ್ಲಿ ಹಣ್ಣಾಗುತ್ತದೆ. ಅದನ್ನು ಬಿಸಿಲೇ ಒಣಗಿಸಿಕೊಡುತ್ತದೆ. ಉಪ್ಪಾಗೆಗೆ ಆ ಭಾಗ್ಯವಿಲ್ಲ. ಅದು ಮಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಮಲೆನಾಡಿನಲ್ಲಿ ಸೂರ್ಯನ ಮುಖ ಕಾಣದ ದಿನಗಳಲ್ಲಿ. ಆದುದರಿಂದ ಹಣ್ಣನ್ನು ಸೀಳಿ, ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಒಲೆಯ ಮೇಲಣ ತಟ್ಟಿಗಳಲ್ಲಿ ಹರಡಿ ಬೆಂಕಿಯ ಕಾವಿನಲ್ಲಿ ಒಣಗಿಸಬೇಕು. ಹಳದಿ ಸಿಪ್ಪೆ ಹೊಗೆ ಕುಡಿದು ಕಪ್ಪಾಗುತ್ತದೆ. ಹೀಗೆ ಒಣಗಿದ ಸಿಪ್ಪೆ ವರ್ಷಗಟ್ಟಲೆ ಕೆಡದು.

ಬೀಜವೂ ವ್ಯರ್ಥವಲ್ಲ. ಅದನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದೇ ಉಪ್ಪಾಗೆ ತುಪ್ಪ. ಹೈನು ಕಡಮೆಯಿದ್ದ ಕಾಲದಲ್ಲಿ ಮಲೆನಾಡಿನ ಎಷ್ಟೋ ಮನೆಗಳಲ್ಲಿ ದೋಸೆಯ ಕಾವಲಿಗೆ ಸವರಲು ಈ ತುಪ್ಪವೇ ಒದಗುತ್ತಿತ್ತು.

ಒಂದು ಹುಳಿ, ಹಲವು ಪಾಕ

ಕೊಡಗಿನವರು ಈ ಹಣ್ಣಿನಿಂದ ಮಾಡುವ ಕಾಚಂಪುಳಿ ಹೆಸರಾಂತುದು. ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ಪೇರಿಸಿಟ್ಟು, ಕೆಳಗಿನ ಪಾತ್ರೆಗೆ ತೊಟ್ಟಿಕ್ಕಿದ ರಸವನ್ನು ಕಾಡಿಗೆಯಂತೆ ಕಪ್ಪಾಗಿ ಮಂದವಾಗುವವರೆಗೆ ಕುದಿಸುತ್ತಾರೆ. ಕೊಡವರ ಪಂದಿಕರಿಯ ಬಣ್ಣಕ್ಕೂ ರುಚಿಗೂ ಇದರ ಕೆಲವು ಚಮಚಗಳೇ ಕಾರಣ. ಕೇರಳದಲ್ಲಿ ಮಣ್ಣಿನ ಗಡಿಗೆಯ ಮೀನಿನ ಸಾರಿಗೆ ಈ ಸಿಪ್ಪೆಯೇ ಬೇಕು. ಸಿಂಹಳದಲ್ಲಿ ಇದರ ಹೆಸರು ಗೊರಕ. ಹಿಂದೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಂಗುಡೆ ಮೀನನ್ನು ಉಪ್ಪಿನೊಡನೆ ಈ ಸಿಪ್ಪೆಯನ್ನೂ ಬೆರೆಸಿ ಪೀಪಾಯಿಗಳಲ್ಲಿ ತುಂಬಿ ಕೊಲಂಬೊಗೆ ಕಳುಹಿಸುತ್ತಿದ್ದರು. ಹುಳಿಯ ಆಮ್ಲ ಮೀನನ್ನು ಕೆಡದಂತೆ ಕಾಯುತ್ತಿತ್ತು.

ಮೈಸೂರಿನ ಪ್ರಯೋಗಶಾಲೆಯಲ್ಲಿ

ಈ ಹುಳಿಯೊಳಗಿನ ಆಮ್ಲ ಯಾವುದು? ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೇ ಇದರಲ್ಲೂ ಇರುವುದೆಂದು ಹಿಂದೆ ಎಣಿಸಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು 1965ರಲ್ಲಿ ಇದನ್ನು ತಿದ್ದಿದರು. ಇದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಅವರು ತೋರಿಸಿದರು. ನಾಲ್ಕೇ ವರ್ಷಗಳಲ್ಲಿ, ಅಂದರೆ 1969ರಲ್ಲಿ, ಅಮೆರಿಕದ ಸಂಶೋಧಕರು ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ದೇಹವು ಸಕ್ಕರೆಯ ಅಂಶವನ್ನು ಕೊಬ್ಬಾಗಿ ಮಾರ್ಪಡಿಸುವಾಗ ದುಡಿಯುವ ಕಿಣ್ವವೊಂದನ್ನು ಈ ಆಮ್ಲ ತಡೆಹಿಡಿಯುತ್ತದೆ. ಮುಂದೆ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕೊಬ್ಬಿನ ಉತ್ಪತ್ತಿ ತಗ್ಗಿದುದೂ ಕಂಡುಬಂತು.

ವ್ಯಾಪಾರಿಗಳಿಗೆ ಇಷ್ಟು ಸಾಕಾಯಿತು. 1990ರ ದಶಕದಲ್ಲಿ ‘ಮೈ ಕರಗಿಸುವ’ ಗುಳಿಗೆಗಳ ರೂಪದಲ್ಲಿ ಉಪ್ಪಾಗೆ ಪರದೇಶಗಳ ಅಂಗಡಿಗಳನ್ನು ಏರಿತು. ಆದರೆ ಇಲಿಯ ಮೇಲೆ ನಡೆದದ್ದು ಮನುಷ್ಯನಲ್ಲೂ ನಡೆಯಬೇಕೆಂಬ ನಿಯಮವಿಲ್ಲ. 1998ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಸ್ಥೂಲಕಾಯದ 135 ಜನರನ್ನು ಎರಡು ಗುಂಪು ಮಾಡಿ, 12 ವಾರಗಳ ಕಾಲ ಪಥ್ಯದೊಡನೆ ಒಂದು ಗುಂಪಿಗೆ ಈ ಆಮ್ಲವನ್ನೂ ಇನ್ನೊಂದಕ್ಕೆ ಬರಿಯ ಹುಸಿಗುಳಿಗೆಯನ್ನೂ ಕೊಟ್ಟಿದ್ದರು. ಆಮ್ಲ ಸೇವಿಸಿದವರು ಸರಾಸರಿ 3.2 ಕಿಲೋ ಇಳಿದರು. ಹುಸಿಗುಳಿಗೆ ನುಂಗಿದವರು 4.1 ಕಿಲೋ! ಇಳಿಸಿದ್ದು ಪಥ್ಯವೇ ಹೊರತು ಗುಳಿಗೆಯಲ್ಲ.

ಹೀಗಿದ್ದೂ 2012ರಲ್ಲಿ ಅಮೆರಿಕದ ಜನಪ್ರಿಯ ದೂರದರ್ಶನ ಕಾರ್ಯಕ್ರಮವೊಂದು ಇದನ್ನು ಕೊಂಡಾಡಿತು. ಇಂಥ ಪ್ರಚಾರವನ್ನು ಕುರಿತು 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿಯೇ ವಿಚಾರಣೆ ನಡೆಸಬೇಕಾಯಿತು. ಇಂಥ ಗುಳಿಗೆಗಳನ್ನು ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಎರಡು ಎಸಳು ಬೇರೆ, ಸಾರ ತೆಗೆದು ಒತ್ತಿದ ಗುಳಿಗೆ ಬೇರೆ ಎಂಬ ವಿವೇಕವನ್ನು ಮನೆಯವರು ಮರೆಯಬಾರದು.

ಕಾಡಿಗೆ ಬಂದ ಕುತ್ತು

ದೂರದ ಊರಿನ ಈ ಗೀಳಿನ ಬಿಸಿ ತಟ್ಟಿದುದು ಸಹ್ಯಾದ್ರಿಯ ಮರಕ್ಕೆ. ಬೆಲೆ ಏರಿದಾಗ ಕಾಡಿನ ಮರ ಎಲ್ಲರ ಮರವಾಗುತ್ತದೆ. ತಾನು ಇಂದು ಬಿಟ್ಟ ಕಾಯನ್ನು ನಾಳೆ ಇನ್ನೊಬ್ಬನು ಕೀಳುವನೆಂಬ ಭಯದಿಂದ ಬಲಿಯುವ ಮೊದಲೇ ಕಾಯಿ ಕೀಳುವುದು, ಏರುವ ಶ್ರಮ ತಪ್ಪಿಸಲು ಕೊಂಬೆಯನ್ನೇ ಕಡಿಯುವುದು ಮೊದಲಾಯಿತು. ಎಳೆಯ ಕಾಯಿಯ ಬೀಜ ಮೊಳೆಯದು. ಕಡಿದ ಕೊಂಬೆ ಮರುವರ್ಷ ಫಲಿಸದು. ಮೇಲಾಗಿ ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಪೆಟ್ಟು ಬೀಳುವುದೆಲ್ಲ ಹಣ್ಣು ಕೊಡುವ ಹೆಣ್ಣು ಮರಕ್ಕೆ. ಒಣಗಿಸುವ ಒಲೆಗಳಿಗಂತೂ ಮಳೆಗಾಲ ಮುಗಿಯುವವರೆಗೆ ಕಾಡಿನ ಸೌದೆಯೇ ಆಹುತಿ.

ಹಣ್ಣಿಗೆ ಕಾದಿರುವವನು ಮನುಷ್ಯನೊಬ್ಬನೇ ಅಲ್ಲ. ಅಘನಾಶಿನಿ ಕಣಿವೆಯ ಸಿಂಗಳೀಕಗಳಿಗೂ ಉಪ್ಪಾಗೆ ಆಹಾರ. ಈ ಅಪರೂಪದ ಕೋತಿಗಳ ರಕ್ಷಣೆಗಾಗಿ ಆ ಕಣಿವೆಯನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. ಇತ್ತ ಕಾಡಿನಂಚಿನ ಬಡ ಕುಟುಂಬಗಳಿಗೆ, ಬೇರೆ ಕೂಲಿ ಸಿಕ್ಕದ ಮಳೆಗಾಲದಲ್ಲಿ ಕೈಗೆ ನಾಲ್ಕು ಕಾಸು ಕೊಡುವುದು ಇದೇ ಹಣ್ಣು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಕಿರು ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಒಪ್ಪಿದೆ. ಕಾಡು, ಕೋತಿ, ಕೂಲಿಕಾರ ಈ ಮೂವರಲ್ಲಿ ಯಾರನ್ನೂ ಬಿಟ್ಟು ಲೆಕ್ಕ ಹಾಕುವಂತಿಲ್ಲ.

ದಾರಿಗಳು ಇಲ್ಲದಿಲ್ಲ. ಮಾಗಿದ ಹಣ್ಣನ್ನೇ ಆರಿಸುವುದು, ಪ್ರತಿ ಮರದಲ್ಲಿ ಒಂದಿಷ್ಟನ್ನು ಹಕ್ಕಿ ಮೃಗಗಳಿಗೂ ಬೀಜಕ್ಕೂ ಬಿಡುವುದು, ಕಡಮೆ ಸೌದೆ ಬೇಡುವ ಒಲೆಗಳನ್ನು ಬಳಸುವುದು, ಇವೆಲ್ಲ ಊರಿನವರು ಒಟ್ಟುಗೂಡಿದರೆ ಆಗುವಂಥವು. ಬೀಜದಿಂದೆದ್ದ ಸಸಿ ಫಲ ಕೊಡಲು ಹಲವು ವರ್ಷ ಕಾಯಿಸುತ್ತದೆ, ಅದು ಗಂಡೋ ಹೆಣ್ಣೋ ಎಂಬುದೂ ಅಲ್ಲಿಯವರೆಗೆ ತಿಳಿಯದು. ಹೆಣ್ಣು ಮರದ ಕುಡಿಯಿಂದ ಕಟ್ಟಿದ ಕಸಿಗಿಡ ಬೇಗ ಫಲಿಸುತ್ತದೆ. ತೋಟದ ಅಂಚಿನಲ್ಲಿ ಇಂಥ ನಾಲ್ಕು ಗಿಡ ನೆಟ್ಟವರು ಕಾಡಿನ ಮರದ ಭಾರವನ್ನು ಅಷ್ಟರಮಟ್ಟಿಗೆ ಇಳಿಸಿದಂತೆ. ನಗರದ ಗೃಹಿಣಿಯೂ ಒಮ್ಮೆ ಎರಡು ಎಸಳನ್ನು ಬಿಸಿನೀರಿನಲ್ಲಿ ನೆನೆಯಿಟ್ಟು ಸಾರು ಮಾಡಿ ನೋಡಬಹುದು. ಲೋಹದ ಪಾತ್ರೆಗಿಂತ ಮಣ್ಣಿನ ಅಥವಾ ಕಲ್ಲಿನ ಪಾತ್ರೆ ಲೇಸು.